ಸೆನ್ಸರ್‌ಗಳನ್ನು ಮತ್ತೆ ಜೋಡಿಸದೆ ಮನೆ ಸರಿಮಾಡಿದ್ದು

ನಮ್ಮದು ಮೂಡಿಗೆರೆ ಕಡೆಯ ತೋಟದ ಮನೆ. ಗುಡ್ಡದ ಮೇಲಿನ ಟ್ಯಾಂಕಿನ ನೀರಿನ ಮಟ್ಟ, ಗೇಟಿನ ಲೈಟು, ಗೀಸರ್, ಕಾಫಿ ಒಣಗಿಸುವ ಕಣದ ತೇವಾಂಶ, ಎಲ್ಲವನ್ನೂ ಹೋಮ್ ಅಸಿಸ್ಟೆಂಟ್ ಅನ್ನುವ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ. ಅದು ಓಡುತ್ತಿದ್ದದ್ದು ರಾಸ್ಪ್‌ಬೆರಿ ಪೈ 3 ಅನ್ನುವ ಅಂಗೈಯಗಲದ ಕಂಪ್ಯೂಟರಿನಲ್ಲಿ. ಅದರ 1 ಜಿಬಿ ರ‍್ಯಾಮ್ ಸಾಲುತ್ತಿರಲಿಲ್ಲ. ಸೆನ್ಸರ್ ಲೆಕ್ಕವನ್ನೆಲ್ಲ ಡೇಟಾಬೇಸಿಗೆ ಬರೆಯುತ್ತಲೇ ಇರುವುದರಿಂದ ಎಸ್‌ಡಿ ಕಾರ್ಡೂ ಬೇಗ ಸವೆಯುತ್ತದೆ. ಅದಕ್ಕೇ ಪೈ 4 ಮತ್ತು ಕಾರ್ಡಿನ ಬದಲು ಯುಎಸ್‌ಬಿಗೆ ಹಾಕುವ ಎಸ್‌ಎಸ್‌ಡಿ ಡ್ರೈವ್ ತಂದೆ.

ಹೊಸದು ಶುರುವಾಯಿತು, ಹಳೆಯದರ ಬ್ಯಾಕಪ್ ಹಾಕುವಾಗ ಅರ್ಧದಲ್ಲೇ ನಿಂತಿತು. ಎಸ್‌ಎಸ್‌ಡಿ ಇದ್ದಕ್ಕಿದ್ದಂತೆ ಕಾಣೆಯಾಗುತ್ತಿತ್ತು, ಡೇಟಾಬೇಸ್ ಕೆಟ್ಟಿತ್ತು. ಹಳೆಯ ಕಾರ್ಡನ್ನು ಅಳಿಸಿರಲಿಲ್ಲ. ಅದನ್ನೂ, ಲೈಟು-ಸೆನ್ಸರ್‌ಗಳ ಜೊತೆ ಜಿಗ್‌ಬೀ ಅನ್ನುವ ವೈರ್‌ಲೆಸ್ ಜಾಲದಲ್ಲಿ ಮಾತಾಡುವ ಯುಎಸ್‌ಬಿ ಸ್ಟಿಕ್ಕನ್ನೂ ಪೈ 3ಕ್ಕೆ ವಾಪಸ್ ಹಾಕಿದೆ. "ಮೋಟರ್ ನಾನು ಸ್ಟಾರ್ಟರ್‌ನಲ್ಲೇ ಹಾಕ್ತೀನಿ, ನೀನು ನಿಧಾನಕ್ಕೆ ನೋಡು" ಎಂದರು ಅಮ್ಮ. ಎಷ್ಟೇ ಆಟೊಮೇಷನ್ ಮಾಡಿದರೂ ಸ್ಟಾರ್ಟರ್ ಬಟನ್ ತೆಗೆಯಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ನೋಡಿದ್ದು ಕರೆಂಟ್. ಪೈ 4ಕ್ಕೆ 5 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಬೇಕು. ಅದು ಸರಿಯಿದ್ದರೂ ನಾಲ್ಕು ಯುಎಸ್‌ಬಿ ಪೋರ್ಟ್‌ಗೂ ಸೇರಿ ಸಿಗುವುದು 1.2 ಆಂಪಿಯರ್ ಮಾತ್ರ. ಎಸ್‌ಎಸ್‌ಡಿ ಜೋರಾಗಿ ಬರೆಯುವಾಗ ಅಷ್ಟು ಸಾಲಲಿಲ್ಲ. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ಬಿಗೆ ಹಾಕಿದ ಮೇಲೆ ಅದು ಮತ್ತೆ ಕಾಣೆಯಾಗಲಿಲ್ಲ. ಎಲ್ಲವನ್ನೂ ಹೊಸದಾಗಿ ಇನ್‌ಸ್ಟಾಲ್ ಮಾಡಿ ಬ್ಯಾಕಪ್ ಹಾಕಿದೆ, ಜಿಗ್‌ಬೀ ಸ್ಟಿಕ್ಕನ್ನೂ ಪೈ 4ಕ್ಕೆ ತಂದೆ. 2025ರಿಂದ ಹೋಮ್ ಅಸಿಸ್ಟೆಂಟ್ ತಾನಾಗಿ ತೆಗೆಯುವ ಬ್ಯಾಕಪ್, ನಾವು ಸೆಟ್ಟಿಂಗ್ ಬದಲಾಯಿಸದಿದ್ದರೆ, ಎನ್‌ಕ್ರಿಪ್ಟ್ ಆಗಿ, ಅಂದರೆ ಬೀಗ ಹಾಕಿದಂತೆ ಬರುತ್ತದೆ. ಅದರ ಕೀ ಇಲ್ಲದಿದ್ದರೆ ಫೈಲ್ ಇದ್ದೂ ಪ್ರಯೋಜನವಿಲ್ಲ. ನನ್ನ ಕೀ ಪ್ರಿಂಟ್ ಮಾಡಿ ಬೀರುವಿನಲ್ಲಿ, ತೋಟದ ಪಹಣಿ ಜೊತೆ ಇಟ್ಟಿದ್ದೇನೆ.

ಆದರೆ ಲೈಟು, ಸೆನ್ಸರ್ ಒಂದೂ ಮಾತಾಡಲಿಲ್ಲ. ಎಲ್ಲವನ್ನೂ ಅಳಿಸಿ ಮತ್ತೆ ಪೇರ್ ಮಾಡು, ಅಂದರೆ ಒಂದೊಂದನ್ನೂ ಜಾಲಕ್ಕೆ ಹೊಸದಾಗಿ ಜೋಡಿಸು ಎಂದು ಗೆಳೆಯರು ಹೇಳಿದರು. ಮಳೆಯಲ್ಲಿ ಟ್ಯಾಂಕ್ ಹತ್ತುವುದು ಅಂದರೆ ಸುಮ್ನೆ ಅಲ್ಲ. ಅದಕ್ಕಿಂತ ಮುಖ್ಯವಾಗಿ, ಅದರ ಅಗತ್ಯವೇ ಇರಲಿಲ್ಲ. ಜಿಗ್‌ಬೀ ಜಾಲದ ಗುರುತು ಮತ್ತು ಕೀ ಸ್ಟಿಕ್ಕಿನಲ್ಲೂ ಇವೆ, ಆ ಜಾಲವನ್ನು ನಡೆಸುವ ಜಿಗ್‌ಬೀ2ಎಂಕ್ಯೂಟಿಟಿ ಸಾಫ್ಟ್‌ವೇರಿನ ಫೈಲುಗಳಲ್ಲೂ ಇವೆ. ಸ್ಟಿಕ್ ಅದೇ, ಫೈಲುಗಳು ಬ್ಯಾಕಪ್ಪಿನಿಂದ ಬಂದಿವೆ. ಅಂದಮೇಲೆ ಸಾಧನಗಳಿಗೆ ಜಾಲ ಬದಲಾಗಿಲ್ಲ, ಅಲ್ವಾ?

ತೊಂದರೆ ಇದ್ದದ್ದು ರೇಡಿಯೋದಲ್ಲಿ. ಜಿಗ್‌ಬೀ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಯುಎಸ್‌ಬಿ 3 ಪೋರ್ಟೂ ಅದರ ಕೇಬಲ್ಲೂ ಅದೇ ರೇಡಿಯೋ ಆವರ್ತನದಲ್ಲಿ ಗದ್ದಲ ಮಾಡುತ್ತವೆ. ಸ್ಟಿಕ್ಕು ಎಸ್‌ಎಸ್‌ಡಿ ಕೇಬಲ್ಲಿಗೆ ಅಂಟಿಕೊಂಡೇ ಇತ್ತು. ಅದನ್ನು ಯುಎಸ್‌ಬಿ 2 ಪೋರ್ಟಿಗೆ ಹಾಕಿ, ಉದ್ದದ ಎಕ್ಸ್‌ಟೆನ್ಷನ್ ಕೇಬಲ್ಲಿನಲ್ಲಿ ಕಿಟಕಿ ಹತ್ತಿರ ತಂದಿಟ್ಟೆ.

ಮೊದಲು ಸ್ಮಾರ್ಟ್ ಪ್ಲಗ್ಗುಗಳು ಜಾಲಕ್ಕೆ ವಾಪಸ್ ಬಂದವು. ಸದಾ ಕರೆಂಟಿನಲ್ಲಿರುವ ಅವೇ ಉಳಿದವಕ್ಕೆ ದಾರಿ ಮಾಡಿಕೊಡುವ ರೂಟರ್‌ಗಳು. ಬ್ಯಾಟರಿ ಸೆನ್ಸರ್‌ಗಳು ನಿದ್ದೆಯಿಂದ ಎದ್ದಾಗಷ್ಟೇ ವರದಿ ಕಳಿಸುತ್ತವೆ, ಅವಕ್ಕೆ ಕಾಯಬೇಕು. ಟ್ಯಾಂಕಿನದು ರಾತ್ರಿ ತಾನಾಗೇ ಬಂತು. ಕಣದ್ದನ್ನು ಮಾತ್ರ ಬಟನ್ ಒತ್ತಿ ಎಬ್ಬಿಸಬೇಕಾಯಿತು.