ತಳಿ ಬದಲಾದರೆ ಎರೆಹುಳು ಬದಲಾಗುತ್ತದೆಯೇ? ಚಹಾ ತೋಟದಲ್ಲಿ ಪರೀಕ್ಷಿಸುವ ಬಗೆ

ಬೀಜದಿಂದ ಬೆಳೆದ ಹಳೆಯ ಚಹಾ ಗಿಡಕ್ಕೆ ತಾಯಿಬೇರಿದೆ. ಉಪಾಸಿ-9 ತಳಿಯಂಥ ಕ್ಲೋನ್ (ತಾಯಿಗಿಡದ ತದ್ರೂಪು) ಕಡ್ಡಿ ನೆಟ್ಟು ಬೆಳೆಸಿದ್ದು. ತಾಯಿಬೇರಿಲ್ಲದ ಅದರ ಬೇರುಗಳು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಹರಡುತ್ತವೆ. ಎಲೆಯಲ್ಲೂ ವ್ಯತ್ಯಾಸವಿದೆ: ಅಸ್ಸಾಂ ಬಗೆಯಲ್ಲಿ ಚೀನಾ ಬಗೆಗಿಂತ ಸಾಮಾನ್ಯವಾಗಿ ಪಾಲಿಫಿನಾಲ್ (ಒಗರು ಕೊಡುವ ರಾಸಾಯನಿಕ) ಜಾಸ್ತಿ. ಒಗರು ಹೆಚ್ಚಿದ ತರಗೆಲೆ ನಿಧಾನ ಕೊಳೆಯುತ್ತದೆ, ಎರೆಹುಳು, ಸಹಸ್ರಪದಿಗಳು ಅದನ್ನು ಬೇಗ ಮುಟ್ಟುವುದಿಲ್ಲ. ಆದರೆ ಗೊಬ್ಬರ, ಕಳೆನಾಶಕ, ಕವಾತು (ಕೊಂಬೆ ಕತ್ತರಿಸುವುದು) ಇವುಗಳ ಪ್ರಭಾವ ತಳಿಯ ಪ್ರಭಾವವನ್ನು ಸುಲಭವಾಗಿ ಮುಚ್ಚಿಹಾಕುತ್ತದೆ. ಅವನ್ನು ಬೇರ್ಪಡಿಸುವುದೇ ಇಲ್ಲಿನ ಕೆಲಸ.

ಮೊದಲು ಎರಡು ತಳಿಗಳ ಬ್ಲಾಕ್ ಆರಿಸಿ. ಇಳಿಜಾರು, ನೆರಳು, ಗೊಬ್ಬರದ ಪ್ರಮಾಣ ಒಂದೇ ಆಗಿರಲಿ. ಮುಖ್ಯವಾಗಿ, ಕವಾತಾದ ವರ್ಷ ಒಂದೇ ಇರಲೇಬೇಕು. ನಾಲ್ಕೈದು ವರ್ಷಕ್ಕೊಮ್ಮೆ ಕತ್ತರಿಸಿದ ಕೊಂಬೆ, ಎಲೆಗಳೆಲ್ಲ ಒಮ್ಮೆಗೇ ನೆಲ ಸೇರುವುದರಿಂದ, ಆ ವರ್ಷದ ಬ್ಲಾಕಿನಲ್ಲಿ ಯಾವ ತಳಿಯಾದರೂ ಹುಳು ಹೆಚ್ಚು ಕಾಣಬಹುದು. ಎರಡೂ ಕಡೆ ಮಣ್ಣಿನ ಪಿಎಚ್ (ಹುಳಿಯ ಅಳತೆ) ನೋಡಿ. ಚಹಾಕ್ಕೆ 4.5ರಿಂದ 5.5 ಸರಿ, ಒಂದು ಕಡೆ ಅದಕ್ಕಿಂತ ಇಳಿದಿದ್ದರೆ ಹೋಲಿಕೆ ಕೆಟ್ಟಂತೆಯೇ.

ಮಳೆ ಹಿಂದೆಗೆದು ಮಣ್ಣು ಇನ್ನೂ ತೇವವಿರುವ ದಿನಗಳಲ್ಲಿ ಅಗೆಯಿರಿ. ಬೇಸಿಗೆಯಲ್ಲಿ ಹುಳು ಆಳಕ್ಕಿಳಿದಿರುತ್ತದೆ, ಲೆಕ್ಕ ತಪ್ಪುತ್ತದೆ. ಗೊಬ್ಬರ ಹಾಕಿ ಒಂದೂವರೆ ತಿಂಗಳಾದರೂ ಆಗಿರಲಿ. ಪ್ರತಿ ಬ್ಲಾಕಿನಲ್ಲಿ ಐದು ಕಡೆ, ಎರಡು ಗಿಡಗಳ ನಡುಮಧ್ಯೆ, 25×25 ಸೆಂ.ಮೀ. ಗುರುತು ಮಾಡಿ. ತರಗೆಲೆಯನ್ನು ಬೇರೆ ಚೀಲಕ್ಕೆ ತುಂಬಿ. ಗುರುತಿನ ಸುತ್ತ ಮೊದಲು ಕಾಲುವೆ ತೋಡಿ, ಆಮೇಲೆ 30 ಸೆಂ.ಮೀ. ಆಳದವರೆಗೆ 10 ಸೆಂ.ಮೀ. ಪದರಗಳಾಗಿ ಮಣ್ಣು ತೆಗೆಯಿರಿ. ನೇರ ಗುದ್ದಲಿ ಹಾಕಿದರೆ ಎರೆಹುಳು ತುಂಡಾಗುತ್ತದೆ, ಒಂದಕ್ಕೆ ಎರಡು ಲೆಕ್ಕವಾಗುತ್ತದೆ. ತಲೆಯ ಭಾಗ ಮಾತ್ರ ಎಣಿಸಿ. ಬಿಳಿ ತಟ್ಟೆಯಲ್ಲಿ ಕೈಯಿಂದಲೇ ಆರಿಸಿ, ಒಂದು ಗುಂಡಿಯಲ್ಲಿ ಬಂದ ಸಂಖ್ಯೆಯನ್ನು 16ರಿಂದ ಗುಣಿಸಿದರೆ ಚದರ ಮೀಟರಿನ ಲೆಕ್ಕ ಸಿಗುತ್ತದೆ.

ತಳಿಯ ನಿಜವಾದ ಪರೀಕ್ಷೆ ಎಲೆಚೀಲದ್ದು. ಕಿತ್ತ ಚಿಗುರು ಕಾರ್ಖಾನೆಗೆ ಹೋಗುತ್ತದೆ, ಮಣ್ಣಿಗೆ ಬೀಳುವುದು ಬಲಿತ ಎಲೆ. ಹಾಗಾಗಿ ಚಿಗುರಿನ ಪಾಲಿಫಿನಾಲ್ ಅಂಕಿ ನಂಬಿ ಪ್ರಯೋಜನವಿಲ್ಲ. ಬಲಿತ ಎಲೆ ಒಣಗಿಸಿ, 20×20 ಸೆಂ.ಮೀ. ನೈಲಾನ್ ಚೀಲಕ್ಕೆ 10 ಗ್ರಾಂನಂತೆ ತುಂಬಿ. ಅರ್ಧದಷ್ಟು ಚೀಲಗಳ ಬಲೆ 5 ಮಿ.ಮೀ. ಕಣ್ಣಿನದು, ಉಳಿದವಕ್ಕೆ ಅರ್ಧ ಮಿ.ಮೀ.ಗಿಂತ ಸಣ್ಣದು; ದೊಡ್ಡ ಕಣ್ಣಿನೊಳಗೆ ಎರೆಹುಳು, ಸಹಸ್ರಪದಿ ನುಗ್ಗಬಲ್ಲವು, ಸಣ್ಣದರೊಳಗೆ ಆಗದು. ಎರಡೂ ತಳಿಯ ಎಲೆಗಳನ್ನು ಎರಡೂ ಬ್ಲಾಕಿನಲ್ಲಿ ಇಡಿ. ತಮ್ಮ ತಮ್ಮ ಬ್ಲಾಕಿನಲ್ಲಷ್ಟೇ ಇಟ್ಟರೆ ಎಲೆಯ ಗುಣವೋ ಜಾಗದ ಗುಣವೋ ತಿಳಿಯದು. ಪ್ರತಿ ತಳಿ, ಬ್ಲಾಕ್, ಕಣ್ಣಿನ ಗಾತ್ರಕ್ಕೆ ಒಂದೊಂದು ಸಲಕ್ಕೂ ಐದೈದರಂತೆ ಇಟ್ಟು, ಮೂರು ಮತ್ತು ಆರು ತಿಂಗಳಿಗೆ ತೆಗೆಯುವುದಾದರೆ 80 ಚೀಲ ಬೇಕು.

ತೆಗೆಯುವಾಗ ಕೆಳಗೆ ತಟ್ಟೆ ಹಿಡಿಯಿರಿ, ಚೂರು ಉದುರುತ್ತದೆ. ಮಣ್ಣು ಒರೆಸಿ, ಒಣಗಿಸಿ ತೂಗಿ. ದೊಡ್ಡ ಕಣ್ಣಿನದರಲ್ಲಿ 4 ಗ್ರಾಂ, ಸಣ್ಣದರಲ್ಲಿ 7 ಗ್ರಾಂ ಉಳಿದಿದ್ದರೆ ಆ 3 ಗ್ರಾಂ ವ್ಯತ್ಯಾಸ ಹೆಚ್ಚೂಕಡಿಮೆ ದೊಡ್ಡ ಜೀವಿಗಳ ಪಾಲು.

ಹುಳು ಹೆಚ್ಚು ಸಿಕ್ಕಿತೆಂದು ಆ ತಳಿಗೇ ಅಂಕ ಕೊಡಬೇಡಿ. ದಕ್ಷಿಣ ಭಾರತದ ಚಹಾ ತೋಟಗಳಲ್ಲಿ ದಕ್ಷಿಣ ಅಮೆರಿಕ ಮೂಲದ ಪೊಂಟೊಸ್ಕೊಲೆಕ್ಸ್ ಎರೆಹುಳುವೇ ಹೆಚ್ಚಾಗಿ ಸಿಗುತ್ತದೆ. ಬಾಲದ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ: ಒರಟು ರೋಮಗಳು ಸಾಲು ತಪ್ಪಿ ಬ್ರಷ್‌ನಂತೆ ನಿಂತಿದ್ದರೆ ಅದೇ. ಬೇರೆ ಜೀವಿಗಳಿಲ್ಲದೆ ಇದೊಂದೇ ತುಂಬಿಕೊಂಡಲ್ಲಿ ಮಣ್ಣು ಗಟ್ಟಿಯಾಗಬಹುದು. ಸಹಸ್ರಪದಿ, ಗೆದ್ದಲು, ಇರುವೆ, ಜೇಡಗಳಿಗೂ ಪಟ್ಟಿಯಲ್ಲಿ ಬೇರೆ ಬೇರೆ ಸಾಲು ಮಾಡಿ.