ಕಾಂಚನಬುರಿಯ ಯುದ್ಧ ವಸ್ತುಸಂಗ್ರಹಾಲಯ: ಬಳ್ಳಾರಿ ಕಡೆಯಿಂದ ಹೋಗುವವರಿಗೆ

ಥಾಯ್ಲೆಂಡ್ ಪ್ರವಾಸಕ್ಕೆ ಹೊರಡುವ ಬಳ್ಳಾರಿ, ಕೊಪ್ಪಳ, ರಾಯಚೂರಿನವರು ಬ್ಯಾಂಕಾಕಿನ ಪಶ್ಚಿಮಕ್ಕಿರುವ ಕಾಂಚನಬುರಿಗಾಗಿ ಕನಿಷ್ಠ ಒಂದು ಪೂರ್ತಿ ದಿನವನ್ನು ಮೀಸಲಿಡಬೇಕು. ಅಲ್ಲಿನ ಥಾಯ್ಲೆಂಡ್-ಬರ್ಮಾ ರೈಲ್ವೆ ಸೆಂಟರ್ 2003ರಲ್ಲಿ ತೆರೆದ ಖಾಸಗಿ ವಸ್ತುಸಂಗ್ರಹಾಲಯ. ಜಪಾನಿನ ಸೇನೆಯು 1942-43ರಲ್ಲಿ ಕಟ್ಟಿಸಿದ ಥಾಯ್ಲೆಂಡಿನಿಂದ ಬರ್ಮಾಕ್ಕೆ (ಇಂದಿನ ಮ್ಯಾನ್ಮಾರ್) ಹೋಗುವ 415 ಕಿ.ಮೀ. ಉದ್ದದ ರೈಲು ಮಾರ್ಗದ ಚರಿತ್ರೆಯನ್ನೂ, ಆ ಕೆಲಸದಲ್ಲಿ ಪ್ರಾಣ ಕಳೆದುಕೊಂಡ ಮಿತ್ರರಾಷ್ಟ್ರಗಳ ಯುದ್ಧಕೈದಿಗಳ ನೆನಪನ್ನೂ ಅದು ಜೋಪಾನವಾಗಿ ಕಾಪಾಡಿಕೊಂಡು ಬಂದಿದೆ.

ಹೊರಡುವ ಮೊದಲು ಮನೆಯ ಹಳೆಯ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡಿರಿ. ಎರಡನೇ ಮಹಾಯುದ್ಧದ ಕಾಲಕ್ಕೆ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿಯೂ, ರಾಯಚೂರು ಮತ್ತು ಕೊಪ್ಪಳ ನಿಜಾಮರ ರಾಜ್ಯದಲ್ಲಿಯೂ ಇದ್ದವು. ಆದ್ದರಿಂದ ಅಜ್ಜನೋ ಮುತ್ತಜ್ಜನೋ ಸೈನ್ಯದಲ್ಲಿದ್ದರೆ ಅವರ ದಾಖಲೆ ಯಾವ ಪಡೆಯಲ್ಲಿ ಸಿಗಬಹುದೆಂಬುದು ಊರಿನ ಮೇಲೂ ನಿಂತಿರುತ್ತದೆ. ಪದಕ ಸಿಕ್ಕಿದರೆ ಅದನ್ನು ಉಜ್ಜಿ ತೊಳೆಯಬೇಡಿರಿ; ಅಂಚಿನಲ್ಲಿ ಹೆಸರು, ಸಂಖ್ಯೆ ಕೊರೆದಿದ್ದರೆ ಬರೆದುಕೊಂಡು, ಅದರ ಫೋಟೋ ಮಾತ್ರ ಜೊತೆಗೆ ಒಯ್ಯಿರಿ. ಬರ್ಮಾ ರಣರಂಗದಲ್ಲಿ ಸೇವೆ ಸಲ್ಲಿಸಿದವರಿಗೆ ಕೊಟ್ಟ ಬರ್ಮಾ ಸ್ಟಾರ್ ಎಂಬ ಪದಕವು ಆರು ಮೂಲೆಯ ಕಂಚಿನ ನಕ್ಷತ್ರದ ಆಕಾರದಲ್ಲಿದ್ದು, ಅದರ ರಿಬ್ಬನ್ ಪಟ್ಟಿಯ ನಡುವೆ ಕೆಂಪು ಬಣ್ಣವಿರುತ್ತದೆ.

ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಪ್ರಯಾಣ ಮಾಡಿ ಬೆಂಗಳೂರು ಸೇರಿ, ಅಲ್ಲಿಂದ ಬ್ಯಾಂಕಾಕಿಗೆ ನೇರ ವಿಮಾನ ಹಿಡಿಯಬಹುದು. ಬ್ಯಾಂಕಾಕಿನ ಥೋನ್‌ಬುರಿ ನಿಲ್ದಾಣದಿಂದ ಕಾಂಚನಬುರಿಗೆ ಹೋಗುವ ರೈಲು ಸುಮಾರು ಮೂರು ಗಂಟೆ ತೆಗೆದುಕೊಳ್ಳುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗಿನ ದಿನಗಳು ಹಿತಕರ. ಏಪ್ರಿಲಿನ ಬಿಸಿಲು ನಮ್ಮ ಬಳ್ಳಾರಿಯ ಬಿಸಿಲನ್ನೇ ನೆನಪಿಸುತ್ತದೆ, ಜೊತೆಗೆ ಸೆಕೆ ಬೇರೆ.

ಬಹಳ ಜನ ನೇರವಾಗಿ ಇದೇ ರೈಲು ಮಾರ್ಗದ ಕ್ವಾಯ್ ನದಿಯ ಸೇತುವೆಗೆ ಹೋಗಿ ಫೋಟೋ ತೆಗೆಸಿಕೊಂಡು ಮರಳುತ್ತಾರೆ. ನನ್ನ ಸಲಹೆ ಬೇರೆ: ಮೊದಲು ವಸ್ತುಸಂಗ್ರಹಾಲಯ, ಆಮೇಲೆ ಪಕ್ಕದ ಯುದ್ಧ ಸ್ಮಶಾನ, ಸೇತುವೆ ಕೊನೆಗೆ. ಒಳಗೆ ಏನನ್ನು ನೋಡಿದಿರಿ ಎಂಬುದರ ಮೇಲೆ ಹೊರಗಿನ ಕಲ್ಲುಗಳ ಅರ್ಥ ಬದಲಾಗುತ್ತದೆ. ಸುಮಾರು 60,000 ಮಿತ್ರರಾಷ್ಟ್ರ ಕೈದಿಗಳು ದುಡಿದ ಈ ಮಾರ್ಗದಲ್ಲಿ 12,000ಕ್ಕೂ ಹೆಚ್ಚು ಮಂದಿ ಸತ್ತರು. 1943ರ ಆರಂಭದಲ್ಲಿ ಕೆಲಸವನ್ನು ಬೇಗ ಮುಗಿಸಬೇಕೆಂಬ ಒತ್ತಡ ಹೆಚ್ಚಿತು. ಅದೇ ವರ್ಷದ ಮಳೆಗಾಲದಲ್ಲಿ ಕಾಲರಾ ಹರಡಿತು. ಅರೆಹೊಟ್ಟೆಯ ದೇಹಗಳು ಅದನ್ನು ತಡೆದುಕೊಳ್ಳಲಿಲ್ಲ. ಈ ತಿಂಗಳುಗಳ ವಿವರಗಳ ಮುಂದೆ ಅವಸರ ಮಾಡದೆ ನಿಲ್ಲಿರಿ. ಮನೆಯ ಹಿರಿಯರು ಮಲಯಾ ಅಥವಾ ಸಿಂಗಾಪುರದಲ್ಲಿ ಸೆರೆಯಾದವರಾಗಿದ್ದರೆ ಅವರ ಹೆಸರು ಮತ್ತು ಸಂಖ್ಯೆಯನ್ನು ಅಲ್ಲಿನ ಸಿಬ್ಬಂದಿಗೆ ತೋರಿಸಿ ಕೇಳಿರಿ. ಯುದ್ಧಕೈದಿಗಳ ದಾಖಲೆಗಳ ಸಂಶೋಧನೆಯೂ ಆ ಕೇಂದ್ರದ ಕೆಲಸವೇ ಆಗಿದೆ. ಕ್ಯಾಮೆರಾ ತೆಗೆಯುವ ಮೊದಲು ಅನುಮತಿ ಕೇಳುವುದು ಮರ್ಯಾದೆ.

ಸೈನಿಕರಲ್ಲದವರನ್ನೂ ಹುಡುಕಿರಿ. ಏಷ್ಯಾದ ಕೂಲಿಗಳು ಕೈದಿಗಳಿಗಿಂತ ಹಲವು ಪಟ್ಟು ಹೆಚ್ಚಾಗಿದ್ದರು, ಸತ್ತವರೂ ಅವರಲ್ಲೇ ಹೆಚ್ಚು. ಮಲಯಾದ ರಬ್ಬರ್ ತೋಟಗಳಿಂದ ಒಯ್ದ ದಕ್ಷಿಣ ಭಾರತೀಯರು, ಮುಖ್ಯವಾಗಿ ತಮಿಳರು, ಅವರಲ್ಲಿ ಬಹಳ ಮಂದಿ ಇದ್ದರು. ಅವರಿಗೆ ಹೆಸರು ಕೆತ್ತಿದ ಸಾಲು ಸಾಲು ಕಲ್ಲುಗಳಿಲ್ಲ, ಇದು ನನಗೆ ಇಂದಿಗೂ ನೋವಿನ ಸಂಗತಿ.

ಸ್ಮಶಾನದಲ್ಲಿ ಸುಮಾರು 7,000 ಸಮಾಧಿಗಳಿವೆ. ಅಲ್ಲಿಯೇ ಇರುವ ಸ್ಮಾರಕದಲ್ಲಿ, ಥಾಯ್ಲೆಂಡಿನ ಮುಸ್ಲಿಂ ಖಬರಸ್ತಾನಗಳಲ್ಲಿ ಹೂಳಲ್ಪಟ್ಟ, ಆದರೆ ಅಲ್ಲಿ ಸಮಾಧಿಗಳನ್ನು ನೋಡಿಕೊಳ್ಳಲಾಗದ ಅವಿಭಜಿತ ಭಾರತದ ಸೇನೆಯ 11 ಮಂದಿಯ ಹೆಸರುಗಳನ್ನು ಕೆತ್ತಲಾಗಿದೆ. ಮಕ್ಕಳನ್ನು ಕರೆದೊಯ್ದಿದ್ದರೆ ಆ ಹನ್ನೊಂದು ಹೆಸರುಗಳನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿರಿ. ಸಮಾಧಿಕಲ್ಲಿನ ಮೇಲೆ ಕೂಡುವುದನ್ನೂ, ಹುಲ್ಲುಹಾಸಿನ ಮೇಲೆ ಊಟ ಬಿಚ್ಚುವುದನ್ನೂ ದಯವಿಟ್ಟು ಮಾಡಬೇಡಿರಿ.

ಸೇತುವೆಗೆ ಹೋದಾಗ ಕಮಾನಿನ ಆಕಾರದ ಉಕ್ಕಿನ ಭಾಗಗಳನ್ನು ಗುರುತಿಸಿರಿ: ಅವು ಜಾವಾದಿಂದ ತಂದ ಮೂಲ ಭಾಗಗಳು. ನಡುವೆ ನೇರ ಅಂಚಿನ ಎರಡು ಭಾಗಗಳು ಕಾಣುತ್ತವೆ. ಬಾಂಬ್ ದಾಳಿಯಲ್ಲಿ ಮುರಿದವುಗಳ ಬದಲಿಗೆ ಯುದ್ಧ ಮುಗಿದ ಮೇಲೆ ಅವುಗಳನ್ನು ಕೂಡಿಸಲಾಯಿತು. ಆ ದಾರಿಯಲ್ಲಿ ಈಗಲೂ ರೈಲು ಓಡುತ್ತದೆ, ಸಮಯವಿದ್ದರೆ ಈ ದಾರಿಯ ಕೊನೆಯ ನಿಲ್ದಾಣವಾದ ನಾಮ್ ಟೋಕ್‌ವರೆಗೆ ಕುಳಿತುಕೊಂಡು ಹೋಗಿ ಬನ್ನಿರಿ.