ಮಗಳ ಹೆಸರಿನ ಅರ್ಥ ಪತ್ತೆ ಹಚ್ಚುವ ಬಗೆ

ಇಡಬೇಕೆಂದಿರುವ ಹೆಸರನ್ನು ಮೊದಲು ಕನ್ನಡ ಅಕ್ಷರದಲ್ಲಿ ಬರೆಯಿರಿ. ಇಂಗ್ಲಿಷ್ ಕಾಗುಣಿತದಿಂದ ಹೊರಟರೆ ಅದಿತಿ, ಅತಿಥಿ ಎರಡೂ ಕಲಸಿಹೋಗುತ್ತವೆ. ಒಬ್ಬಳು ದೇವತೆಗಳ ತಾಯಿ, ಇನ್ನೊಬ್ಬರು ಮನೆಗೆ ಬಂದ ನೆಂಟರು. ಒತ್ತಕ್ಷರವೂ ಅಷ್ಟೇ ಮುಖ್ಯ. ಕೃತಿ ಎಂದರೆ ರಚನೆ, ಕೃತ್ತಿ ಎಂದರೆ ಚರ್ಮ.

ಆಮೇಲೆ ನಿಘಂಟು. ಕಿಟೆಲ್ ಅವರ 1894ರ ನಿಘಂಟು ಅಥವಾ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳು ಸಾಕು. ಹೆಚ್ಚು ಜನ ಎಡವುವುದು ಕೊನೆಯ ಸ್ವರದಲ್ಲಿ. ಸಂಸ್ಕೃತದ ಆಕಾರಾಂತ ಸ್ತ್ರೀಲಿಂಗ ಪದಗಳು ಕನ್ನಡಕ್ಕೆ ಬರುವಾಗ ಸಾಮಾನ್ಯವಾಗಿ ಎಕಾರಾಂತ ಆಗುತ್ತವೆ. ಹಾಗಾಗಿ ಲತಾ, ಪ್ರಭಾ, ಕರುಣಾ ಸಿಗದಿದ್ದರೆ ಲತೆ, ಪ್ರಭೆ, ಕರುಣೆ ಎಂದು ಹುಡುಕಿ.

ಆಗಲೂ ಸಿಗಲಿಲ್ಲವೇ? ಹೆಸರನ್ನು ಬಿಡಿಸಿ. 'ಇಲ್ಲ' ಎನ್ನುವುದಕ್ಕೆ ವ್ಯಂಜನದ ಮುಂದೆ 'ಅ', ಸ್ವರದ ಮುಂದೆ 'ಅನ್' ಬರುತ್ತದೆ. ಅ + ಪರ್ಣ = ಅಪರ್ಣಾ, ಶಿವನಿಗಾಗಿ ತಪಸ್ಸು ಮಾಡುವಾಗ ಎಲೆ ತಿನ್ನುವುದನ್ನೂ ಬಿಟ್ಟ ಪಾರ್ವತಿ. ಅನ್ + ಅಸೂಯಾ = ಅನಸೂಯಾ, ಹೊಟ್ಟೆಕಿಚ್ಚಿಲ್ಲದವಳು, ಅತ್ರಿಯ ಹೆಂಡತಿ. ಇದನ್ನೇ 'ಅನುಸೂಯ' ಎಂದು ಬರೆಯುವವರು ಬಹಳ. ಅಲ್ಲಿ 'ಅನ್' ಹೋಗಿ 'ಅನು' ಬಂದು ಅರ್ಥವೇ ಮುರಿಯುತ್ತದೆ. ಅನಾಮಿಕಾ ಎಂದರೆ ಹೆಸರಿಲ್ಲದವಳು. ನಾಮಕರಣದ ದಿನ ಇಡುವ ಹೆಸರಿಗೆ ಇದು ಸ್ವಲ್ಪ ತಮಾಷೆಯೇ.

ಇನ್ನೊಂದು ಗುಂಪಿನಲ್ಲಿ ಮೊದಲ ಸ್ವರ ಹಿಗ್ಗುತ್ತದೆ: ಅ ಆಗುತ್ತದೆ ಆ, ಇ ಆಗುತ್ತದೆ ಐ, ಉ ಆಗುತ್ತದೆ ಔ. ಜನಕನ ಮಗಳು ಜಾನಕಿ, ವಿದೇಹದವಳು ವೈದೇಹಿ, ದ್ರುಪದನ ಮಗಳು ದ್ರೌಪದಿ. ಇಂಥ ಹೆಸರುಗಳಿಗೆ ಗುಣದ ಅರ್ಥ ಹುಡುಕಬೇಡಿ. ಅವು ಹೇಳುವುದು ತಂದೆಯನ್ನೋ ಊರನ್ನೋ.

ಅಜ್ಜಿಯರ ಹೆಸರಿಗೆ ಸಂಸ್ಕೃತದ ಹಂಗಿಲ್ಲ. ಹೊನ್ನಮ್ಮ, ಚಿನ್ನಮ್ಮ ಎರಡರಲ್ಲೂ ಬಂಗಾರವಿದೆ. ಅತ್ತಿಮಬ್ಬೆಯ 'ಅಬ್ಬೆ' ಎಂದರೆ ತಾಯಿ. ಚಿಕ್ಕದೇವರಾಜ ಒಡೆಯರ ಅರಮನೆಯ ಸಂಚಿ ಹೊನ್ನಮ್ಮನ 'ಸಂಚಿ' ಆಕೆಯ ಕೆಲಸ ಹೇಳುತ್ತದೆ: ಎಲೆಯಡಿಕೆಯ ಚೀಲ.

ಸದ್ದು ಒಂದೇ ಇದ್ದ ಮಾತ್ರಕ್ಕೆ ಬೇರು ಒಂದೇ ಅಲ್ಲ. ಸಾರಾ ಹೀಬ್ರೂ ಹೆಸರು, ರಾಜಕುಮಾರಿ ಎಂದರ್ಥ. ಸಂಸ್ಕೃತದ 'ಸಾರ'ಕ್ಕೂ ಅದಕ್ಕೂ ನಂಟಿಲ್ಲ. ಆಯಿಶಾ ಅರಬ್ಬಿ, ಬಾಳುವವಳು. ಜಾಲತಾಣಗಳ ಪಟ್ಟಿಗಳು ಗೊತ್ತಿಲ್ಲದ ಹೆಸರಿಗೆಲ್ಲ 'ದೇವಿಯ ಹೆಸರು' ಎಂದು ಬರೆದು ಕೈ ತೊಳೆದುಕೊಳ್ಳುತ್ತವೆ. ಯಾವ ಧಾತು, ಯಾವ ಪದ ಎಂದು ಹೇಳದ ಅರ್ಥವನ್ನು ನಂಬಬೇಡಿ.

ಆತುರವೂ ಬೇಡ. ಜನನ ನೋಂದಣಿ 21 ದಿನದೊಳಗೆ ಆಗಬೇಕು, ನಿಜ. ಆದರೆ ಹೆಸರಿಲ್ಲದೆಯೂ ಮಾಡಿಸಬಹುದು. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅರ್ಜಿಯಲ್ಲಿ ಕನ್ನಡದ ಕಾಗುಣಿತವನ್ನು ನೀವೇ ಬರೆಯಿರಿ, ಗುಮಾಸ್ತರ ಊಹೆಗೆ ಬಿಡಬೇಡಿ.